ಬೇಸಿಗೆಯ ಲೋಡು, ಮಳೆಗಾಲದ ಕತ್ತಲು: ನಮ್ಮ ಫೀಡರಿನ ಲೆಕ್ಕ ಹಾಕಿದ್ದು ಹೀಗೆ

ನಮ್ಮ ಫೀಡರಿಗೆ (ಸಬ್‌ಸ್ಟೇಷನ್ನಿನಿಂದ ನಮ್ಮ ಕಡೆಗೆ ಕರೆಂಟು ತರುವ 11 ಕೆವಿ ಲೈನು) ದುಡ್ಡು ಎಲ್ಲಿ ಹಾಕಬೇಕು ಅನ್ನುವ ಪ್ರಶ್ನೆಗೆ ಊರಲ್ಲಿ ಎಲ್ಲರ ಹತ್ತಿರವೂ ಉತ್ತರ ಇತ್ತು. ಕೆಳಗೆ ಹೊಳೆ ಬದಿಯಲ್ಲಿ ರೋಬಸ್ಟಾ ತೋಟ ಇರುವವರು ದೊಡ್ಡ ಟಿಸಿ (ಟ್ರಾನ್ಸ್‌ಫಾರ್ಮರ್) ಬೇಕು ಅನ್ನುತ್ತಿದ್ದರು. ಮೇಲೆ ಬೆಟ್ಟದ ಕಡೆ ಹೋಂಸ್ಟೇ ನಡೆಸುವವರು ಲೈನನ್ನು ನೆಲದೊಳಗೆ ಹಾಕಿ ಅನ್ನುತ್ತಿದ್ದರು. ಇನ್ನು ಕೆಲವರಿಗೆ ಹೊಸ ಸಬ್‌ಸ್ಟೇಷನ್ನೇ ಆಗಬೇಕು, ಅದಕ್ಕಿಂತ ಕಡಿಮೆ ಯಾವುದೂ ಬೇಡ. ಯಾರ ಮಾತನ್ನೂ ತೆಗೆದುಹಾಕುವ ಹಾಗಿಲ್ಲ. ಆದರೆ ಎಲ್ಲದಕ್ಕೂ ದುಡ್ಡು ಬರುವುದು ಒಂದೇ ಕಡೆಯಿಂದ, ಮತ್ತು ಅದು ತಿರುಗಿ ಬಂದು ಕೂರುವುದು ನಮ್ಮೆಲ್ಲರ ಬಿಲ್ಲಿನ ಮೇಲೆ.

ನಾನು ಓದಿದ್ದು ಎಲೆಕ್ಟ್ರಿಕಲ್. ಹೊಟ್ಟೆಪಾಡಿಗೆ ಮಾಡುವುದು ಹಣಕಾಸಿನ ಮಾಡೆಲ್ ಕಟ್ಟುವ ಕೆಲಸ. ಕೊರೊನಾ ಆದಮೇಲೆ ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಕರೆಂಟು ಹೋದರೆ ನನಗೂ ಪೆಟ್ಟೇ. ಬೆಳೆಗಾರರ ಗುಂಪಿನಲ್ಲಿ ಒಬ್ಬರು, "ನೀನು ಯಾರ್‍ಯಾರಿಗೋ ಇಂಥ ಲೆಕ್ಕ ಹಾಕಿ ಕೊಡ್ತೀಯಲ್ಲ, ನಮ್ಮ ಫೀಡರಿಗೂ ಒಂದು ಹಾಕು" ಎಂದರು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇದೆಯಲ್ಲ, ಅದರ ಮುಂದೆ ಸರಬರಾಜು ಕಂಪನಿಗಳು ದರದ ಅರ್ಜಿ ಹಾಕುವಾಗ ಎಲ್ಲೆಲ್ಲಿ ಬಂಡವಾಳ ಹಾಕುತ್ತೇವೆ ಅಂತಲೂ ತೋರಿಸಬೇಕು. ಅದನ್ನು ಪ್ರಕಟಿಸಿ, ಆಕ್ಷೇಪಣೆ ಕರೆದ ಮೇಲೆ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಗ್ರಾಹಕರು ಯಾರು ಬೇಕಾದರೂ ಬರೆದು ಕೊಡಬಹುದು. ಸುಮ್ನೆ "ಕರೆಂಟು ಸರಿಯಿಲ್ಲ" ಎಂದು ಬರೆಯುವ ಬದಲು ಲೆಕ್ಕ ಹಿಡಿದುಕೊಂಡು ಹೋಗೋಣ ಅನ್ನುವುದು ನಮ್ಮ ಯೋಚನೆ.

ಮೊದಲು ಕೇಳಬೇಕಾದದ್ದು ಲೋಡು ಎಷ್ಟು ಬೆಳೆಯುತ್ತದೆ ಅಂತ. ಪ್ಲಾನಿಂಗ್ ಮಾಡುವವರು ಎಲ್ಲ ಕಡೆ ಶುರು ಮಾಡುವುದೇ ಇಲ್ಲಿಂದ. ವರ್ಷಕ್ಕೆ ಶೇ. ಇಷ್ಟು ಅಂತ ಒಂದು ಸಂಖ್ಯೆ ಹಿಡಿದು ಮುಂದಕ್ಕೆ ಎಳೆಯುತ್ತಾರೆ. ಕೊಡಗಿಗೆ ಬಂದರೆ ಈ ದಾರಿ ಅಲ್ಲೇ ಎಡವುತ್ತದೆ. 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561. 2011ರಲ್ಲಿ 5,54,519. ಹತ್ತು ವರ್ಷದಲ್ಲಿ ಬೆಳೆದದ್ದು ಶೇ. 1ರಷ್ಟು. 4,102 ಚದರ ಕಿಲೋಮೀಟರ್ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 135 ಜನ. ಜನ ಹೆಚ್ಚಾಗುತ್ತಿಲ್ಲ, ಆದರೆ ಲೋಡು ಹೆಚ್ಚಾಗುತ್ತಿದೆ. ಹೋಂಸ್ಟೇಗಳ ಗೀಸರು, ಡೀಸೆಲ್ ಬಿಟ್ಟು ಕರೆಂಟಿಗೆ ಬರುತ್ತಿರುವ ಸ್ಪ್ರಿಂಕ್ಲರ್ ಪಂಪುಗಳು, ಇವು ಕಾರಣ. ಮತ್ತೆ ಮನೆಗಳು ಚೆಲ್ಲಾಪಿಲ್ಲಿ. ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟ ದಾಟಿ ಹೋಗಬೇಕು. ಹಾಗಾಗಿ ಒಬ್ಬ ಗ್ರಾಹಕನಿಗೆ ಬೀಳುವ ಲೈನಿನ ಉದ್ದ ಬಯಲು ಸೀಮೆಗಿಂತ ತುಂಬಾ ಜಾಸ್ತಿ. ಲೈನ್ ಉದ್ದವಾದಷ್ಟೂ ಅದರ ಮೇಲೆ ಬೀಳಬಹುದಾದ ಮರಗಳೂ ಜಾಸ್ತಿ ಅಲ್ವಾ.

ಮಾಹಿತಿ ಸೇರಿಸುವ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ರೋಚಕವಾದದ್ದು ಕಡಿಮೆ. ಫೀಡರಿನ ಗಂಟೆಗಂಟೆಯ ಆಂಪಿಯರ್ ಲಾಗ್ ಬುಕ್ಕಿನಿಂದ ಸಿಕ್ಕಿತು. ಟಿಸಿಗಳನ್ನು ನಾವೇ ನಡೆದು ಫೋನಿನ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡೆವು. ಕ್ಯೂಜಿಐಎಸ್‌ನಲ್ಲಿ ನಕ್ಷೆ, ಪಾಂಡಾಪವರ್‌ನಲ್ಲಿ ಲೋಡ್ ಫ್ಲೋ, ಅಂದರೆ ಲೈನಿನ ಯಾವ ಭಾಗದಲ್ಲಿ ಎಷ್ಟು ಕರೆಂಟು ಹರಿಯುತ್ತದೆ ಅನ್ನುವ ಲೆಕ್ಕ. ಎರಡೂ ಉಚಿತ ತಂತ್ರಾಂಶ. ಎರಡನೆಯದು ಜರ್ಮನಿಯ ಕಾಸೆಲ್ ವಿಶ್ವವಿದ್ಯಾಲಯ ಮತ್ತು ಫ್ರೌನ್‌ಹೋಫರ್ ಸಂಸ್ಥೆಯವರು ಮಾಡಿದ್ದು. ನಿಜವಾದ ಜ್ಞಾನ ಇದ್ದದ್ದು ಮಾತ್ರ ಲೈನ್‌ಮ್ಯಾನ್ ಹತ್ತಿರ. ಯಾವ ಕಂಬದ ಇನ್ಸುಲೇಟರು ಪ್ರತಿ ಮಳೆಗೂ ಹೋಗುತ್ತದೆ, ಯಾವ ಜಿಒಎಸ್ (ಲೈನಿನ ಒಂದು ಭಾಗವನ್ನು ಬೇರ್ಪಡಿಸುವ ಸ್ವಿಚ್ಚು) ತುಕ್ಕು ಹಿಡಿದು ತೆರೆಯುವುದೇ ಇಲ್ಲ, ಯಾವ ತೋಟದ ಮಾಲೀಕರು ಕೊಂಬೆ ಮುಟ್ಟಲು ಬಿಡುವುದಿಲ್ಲ, ಎಲ್ಲ ಅವರ ತಲೆಯಲ್ಲಿದೆ. ಯಾವ ರಿಜಿಸ್ಟರಿನಲ್ಲೂ ಇಲ್ಲ.

ಲಾಗ್ ಬುಕ್ಕಿನ ಅಂಕಿಗಳನ್ನು ಗ್ರಾಫ್ ಮಾಡಿದಾಗಲೇ ಅರ್ಧ ಕಥೆ ಗೊತ್ತಾಯಿತು. ಕೊಯ್ಲು ಮುಗಿದು ಫೆಬ್ರವರಿ, ಮಾರ್ಚ್ ಬಂದಾಗ ರೋಬಸ್ಟಾ ಗಿಡಕ್ಕೆ ಹೂ ಮಳೆ ಬೇಕು. ಆಕಾಶ ಕೊಡದಿದ್ದರೆ ಸ್ಪ್ರಿಂಕ್ಲರಿನಲ್ಲಿ ಕೊಡಬೇಕು. ನೀರು ಬಿದ್ದು ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ. ಆಮೇಲೆ ಇನ್ನೊಂದು ಸಲ ನೀರು ಕೊಡಬೇಕು, ಅದಕ್ಕೆ ಬ್ಯಾಕಿಂಗ್ ಅನ್ನುತ್ತೇವೆ. ಈ ಸಮಯದಲ್ಲಿ ಫೀಡರಿನ ಲೋಡು ಚೂಪಾಗಿ ಮೇಲೆದ್ದು, ಒಂದು ಒಳ್ಳೆ ಮಳೆ ಬಂದ ಮರುದಿನವೇ ಧೊಪ್ಪನೆ ಬೀಳುತ್ತದೆ. ವರ್ಷದ ಉಳಿದ ಭಾಗ ಲೈನು ಹೆಚ್ಚುಕಡಿಮೆ ಖಾಲಿ. ಇನ್ನು ಕರೆಂಟು ಹೋಗುವ ಗಂಟೆಗಳನ್ನು ಅದೇ ಕಾಗದದ ಮೇಲೆ ಹಾಕಿದರೆ, ಅವೆಲ್ಲ ಜೂನ್‌ನಿಂದ ಆಗಸ್ಟ್ ಒಳಗೆ, ಕಕ್ಕಡ ತಿಂಗಳ ಮಳೆಯ ಸುತ್ತಮುತ್ತ ಗುಂಪು ಕಟ್ಟಿಕೊಂಡಿವೆ. ಆಗ ಲೋಡು ತೀರಾ ಕಡಿಮೆ. ಅಂದರೆ ಲೋಡು ಜಾಸ್ತಿಯಾಗಿ ಕರೆಂಟು ಹೋಗುತ್ತಿಲ್ಲ. ಮರ ಬಿದ್ದು ಹೋಗುತ್ತಿದೆ. ಜಾಗವೂ ಬೇರೆ ಬೇರೆ: ಲೋಡು ಕೆಳಗೆ ಹೊಳೆ ಬದಿಯಲ್ಲಿ, ಮರ ಮೇಲೆ ಕಕ್ಕಬ್ಬೆ ದಿಕ್ಕಿನ ಕಾಡಂಚಿನಲ್ಲಿ. ಒಂದೇ ಫೀಡರಿನ ಮೇಲೆ ಎರಡು ಬೇರೆ ಕಾಯಿಲೆ. ಇದನ್ನು ಬಿಡಿಸಿ ನೋಡದೆ ಒಂದೇ ಲೆಕ್ಕದಲ್ಲಿ ಹಾಕಿದರೆ ಉತ್ತರ ಎಡವಟ್ಟಾಗಿ ಬರುತ್ತದೆ. ನಾನು ಇಲ್ಲಿ ಹೇಳಬೇಕು ಅಂತ ಹೊರಟಿರುವುದು ಮುಖ್ಯವಾಗಿ ಇದನ್ನೇ.

ಬೇಸಿಗೆಯ ಕಾಯಿಲೆಯನ್ನೇ ಮೊದಲು ತೆಗೆದುಕೊಳ್ಳಿ. 10 ಎಚ್‌ಪಿ ಪಂಪು ಅಂದರೆ 7.46 ಕಿಲೋವ್ಯಾಟ್. ಮೋಟಾರಿನ ದಕ್ಷತೆ, ಪವರ್ ಫ್ಯಾಕ್ಟರ್ ಎಲ್ಲ ಸೇರಿಸಿದರೆ ಟಿಸಿಯ ಮೇಲೆ ಸುಮಾರು 11 ಕೆವಿಎ (ಟಿಸಿಯ ಸಾಮರ್ಥ್ಯ ಅಳೆಯುವ ಮಾನ) ಬೀಳುತ್ತದೆ. 63 ಕೆವಿಎ ಟಿಸಿಯಲ್ಲಿ ಐದು ಪಂಪು ಒಟ್ಟಿಗೆ ಓಡಬಹುದು, ಆರನೆಯದು ಬಂದರೆ ಮಿತಿ ದಾಟುತ್ತದೆ. ಬೇರೆ ಊರಿನಲ್ಲಿ ಹತ್ತು ಪಂಪು ಕೊಟ್ಟರೂ ನಡೆಯುತ್ತದೆ, ಯಾಕೆಂದರೆ ಎಲ್ಲರೂ ಒಟ್ಟಿಗೆ ಓಡಿಸುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಮೊಗ್ಗು ತಯಾರಾಗುವುದು ಎಲ್ಲರ ತೋಟದಲ್ಲೂ ಒಂದೇ ಹೊತ್ತಿಗೆ, ಪಕ್ಕದವನು ಪಂಪ್ ಹಾಕಿದ್ದು ಕೇಳಿಸಿದರೆ ಇವನಿಗೂ ತಡೆಯುವುದಿಲ್ಲ. ಪಠ್ಯಪುಸ್ತಕದ ಡೈವರ್ಸಿಟಿ ಫ್ಯಾಕ್ಟರ್ (ಎಲ್ಲರ ಲೋಡಿನ ಮೊತ್ತವನ್ನು ನಿಜವಾಗಿ ಒಟ್ಟಿಗೆ ಬೀಳುವ ಗರಿಷ್ಠ ಲೋಡಿನಿಂದ ಭಾಗಿಸಿದ್ದು) ಇಲ್ಲಿ ಒಂದರ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಹಾಗಾದರೆ ಎಲ್ಲ ಕಡೆ 100 ಕೆವಿಎ ಟಿಸಿ ಹಾಕಿಬಿಡಬಹುದಲ್ಲ? ಹಾಕಬಹುದು. ಆದರೆ ಟಿಸಿ ಸುಮ್ಮನೆ ನಿಂತಿದ್ದರೂ ಕರೆಂಟು ತಿನ್ನುತ್ತದೆ. ಹಳೆಯ ಐಎಸ್ 1180 ಮಾನದಂಡದ ಲೆಕ್ಕದಲ್ಲಿ 63 ಕೆವಿಎ ಟಿಸಿಯ ಖಾಲಿ ನಷ್ಟ 180 ವ್ಯಾಟ್, 100 ಕೆವಿಎಯದ್ದು 260 ವ್ಯಾಟ್. ವರ್ಷದ 8,760 ಗಂಟೆಗೆ ಗುಣಿಸಿ: ಮೊದಲನೆಯದು ಸುಮಾರು 1,577 ಯೂನಿಟ್, ಎರಡನೆಯದು 2,278. ಎರಡು ತಿಂಗಳ ಸುಖಕ್ಕೆ ಹನ್ನೆರಡು ತಿಂಗಳು ಈ ವ್ಯತ್ಯಾಸ ಕಟ್ಟಬೇಕು. ಒಂದು ಟಿಸಿಗೆ ಇದು ಸಣ್ಣ ಮೊತ್ತವೇ. ಒಂದು ಫೀಡರಿನಲ್ಲಿ ಇರುವ ಅಷ್ಟೂ ಟಿಸಿಗೆ 25 ವರ್ಷ ಅಂದರೆ ಸಣ್ಣದಲ್ಲ.

ವೈರಿನ ವಿಷಯ ಇದಕ್ಕಿಂತ ಸ್ವಾರಸ್ಯದ್ದು. ನಮ್ಮ 11 ಕೆವಿ ಲೈನಿನ ಒಂದು ಭಾಗ ವೀಸೆಲ್ ಅನ್ನುವ ಸಣ್ಣ ತಂತಿ (ಕಂಡಕ್ಟರ್). ಕಿಲೋಮೀಟರಿಗೆ ಸುಮಾರು 0.9 ಓಮ್ ರೋಧ. ಅದನ್ನು ಕಿತ್ತು ಅದಕ್ಕಿಂತ ದಪ್ಪದ ರ್‍ಯಾಬಿಟ್ ಹಾಕಿದರೆ 0.55ರ ಆಸುಪಾಸು. ಅದೇ ಕರೆಂಟಿಗೆ ನಷ್ಟ ಶೇ. 40ರಷ್ಟು ಇಳಿಯುತ್ತದೆ. ಕೇಳಲು ಬಹಳ ಚಂದ. ಲೆಕ್ಕ ಹಾಕಿದೆ: 10 ಕಿಲೋಮೀಟರ್ ವೀಸೆಲ್ ಲೈನು, ಪೀಕಿನಲ್ಲಿ 50 ಆಂಪಿಯರ್, ಲೋಡೆಲ್ಲ ಕೊನೆಯಲ್ಲೇ ಇದೆ ಎಂದುಕೊಂಡರೆ ಆ ಹೊತ್ತಿನ ನಷ್ಟ 67 ಕಿಲೋವ್ಯಾಟ್ ಚಿಲ್ಲರೆ. ಇದು ಪೀಕಿನ ನಷ್ಟ. ವರ್ಷದ ನಷ್ಟ ಎಷ್ಟು ಅನ್ನುವುದು ಲೋಡು ಎಷ್ಟು ಹೊತ್ತು ಮೇಲೆ ಇರುತ್ತದೆ ಅನ್ನುವುದರ ಮೇಲೆ ನಿಂತಿದೆ. ನಷ್ಟ ಕರೆಂಟಿನ ವರ್ಗಕ್ಕೆ ಅನುಗುಣ, ಅಂದರೆ ಕರೆಂಟು ಅರ್ಧವಾದರೆ ನಷ್ಟ ಕಾಲು ಭಾಗ. ಇದಕ್ಕೆ ಎಂಜಿನಿಯರುಗಳು ಬಳಸುವ ಒಂದು ಅಡ್ಡದಾರಿ ಸೂತ್ರ ಇದೆ: ಲೋಡ್ ಫ್ಯಾಕ್ಟರಿನ (ಸರಾಸರಿ ಲೋಡು ಪೀಕಿನ ಎಷ್ಟು ಪಾಲು ಅನ್ನುವುದು) 0.2 ಪಾಲು, ಅದರ ವರ್ಗದ 0.8 ಪಾಲು, ಎರಡನ್ನೂ ಕೂಡಿಸುವುದು. ಒಂದು ಪಟ್ಟಣದ ಫೀಡರಿನ ಲೋಡ್ ಫ್ಯಾಕ್ಟರ್ 0.5 ಅಂತಿಟ್ಟುಕೊಳ್ಳಿ. ಆಗ ನಷ್ಟದ ಫ್ಯಾಕ್ಟರ್, ಅಂದರೆ ಸರಾಸರಿ ನಷ್ಟ ಪೀಕಿನ ನಷ್ಟದ ಎಷ್ಟು ಪಾಲು ಅನ್ನುವುದು, 0.3 ಬರುತ್ತದೆ. ವೈರು ಬದಲಿಸಿದರೆ ವರ್ಷಕ್ಕೆ 70,000 ಯೂನಿಟ್ ಉಳಿತಾಯ, ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ನಾಲ್ಕು ಲಕ್ಷಕ್ಕೂ ಮೇಲೆ. ನಮ್ಮಂಥ ಫೀಡರಿಗೆ ಲೋಡ್ ಫ್ಯಾಕ್ಟರ್ 0.2 ಹಿಡಿದರೆ ನಷ್ಟದ ಫ್ಯಾಕ್ಟರ್ ಬರೀ 0.07. ಉಳಿತಾಯ 16,000 ಯೂನಿಟ್, ಒಂದು ಲಕ್ಷದ ಹತ್ತಿರ. ಅದೇ ವೈರು, ಅದೇ ಪೀಕು, ಅದೇ ಖರ್ಚು. ಲಾಭ ಮಾತ್ರ ಕಾಲು ಭಾಗಕ್ಕೆ ಇಳಿಯಿತು. ಮೈಸೂರಿಗೆ ಒಪ್ಪುವ ಯೋಜನೆಯನ್ನು ಹಾಗೇ ತಂದು ಇಲ್ಲಿ ಇಟ್ಟರೆ ಆಗುವುದು ಇದೇ.

ಈಗ ಬಂಡವಾಳವನ್ನೂ ವರ್ಷದ ಉಳಿತಾಯವನ್ನೂ ಒಂದೇ ತಕ್ಕಡಿಗೆ ತರಬೇಕು. ಇವತ್ತು 10 ಲಕ್ಷ ಹಾಕಿದರೆ, 25 ವರ್ಷ, ಶೇ. 10ರ ಬಡ್ಡಿ ದರದಲ್ಲಿ ಅದು ವರ್ಷಕ್ಕೆ 1.10 ಲಕ್ಷದ ಭಾರ. ದರ ಶೇ. 6 ಮಾಡಿದರೆ 78 ಸಾವಿರ. ಈ ಒಂದು ಸಂಖ್ಯೆ ಬದಲಿಸಿದರೆ ಅರ್ಧ ಯೋಜನೆಗಳು ಪಾಸು, ಅರ್ಧ ಫೇಲು. ಗುಂಪಿನ ಸಭೆಯಲ್ಲಿ ಇದನ್ನು ವಿವರಿಸುವುದು ಕಷ್ಟ ಆಗಬಹುದು ಅಂದುಕೊಂಡಿದ್ದೆ. ಆಗಲೇ ಇಲ್ಲ. ಹಳೆ ಗಿಡ ಕಿತ್ತು ಹೊಸದು ನೆಟ್ಟು, ಮೂರು ನಾಲ್ಕು ವರ್ಷ ಫಸಲಿಲ್ಲದೆ ಕಾಯುವವರಿಗೆ ಇವತ್ತಿನ ದುಡ್ಡು ಬೇರೆ, ನಾಳಿನ ದುಡ್ಡು ಬೇರೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬ ಹಿರಿಯರು ಮಾತ್ರ, "ಹಾಗಾದರೆ 25 ವರ್ಷ ಆದಮೇಲಿನ ಕರೆಂಟಿಗೆ ನಿನ್ನ ಲೆಕ್ಕದಲ್ಲಿ ಬೆಲೆನೇ ಇಲ್ವಾ?" ಎಂದು ಕೇಳಿದರು. ಶೇ. 10ರಲ್ಲಿ ಅದು ರೂಪಾಯಿಗೆ ಒಂಬತ್ತು ಪೈಸೆ. ಇದೆ ಅಂತ ಹೇಳಲೂ ಆಗದು, ಇಲ್ಲ ಅಂತ ಹೇಳಲೂ ಆಗದು. ಎರಡೂ ದರದಲ್ಲಿ ಓಡಿಸಿ ಎರಡರ ಫಲವನ್ನೂ ಪಕ್ಕಪಕ್ಕ ಇಟ್ಟೆ.

ಮಳೆಗಾಲದ ಕಾಯಿಲೆಗೆ ಬಂದರೆ ಪ್ರಶ್ನೆಯೇ ಬೇರೆ. ಕರೆಂಟು ಇಲ್ಲದ ಒಂದು ಗಂಟೆಯ ಬೆಲೆ ಎಷ್ಟು? ಮಾರಾಟವಾಗದ ಯೂನಿಟ್ಟನ್ನು ಮಾರಾಟದ ದರದಲ್ಲೇ ಲೆಕ್ಕ ಹಾಕಿದರೆ ಅದು ಹೆಚ್ಚುಕಡಿಮೆ ಏನೂ ಅಲ್ಲ. ಬೆಟ್ಟದ ಭಾಗಕ್ಕೆ 400 ಮನೆ, ಮನೆಗೆ ಸರಾಸರಿ 0.4 ಕಿಲೋವ್ಯಾಟ್, ಒಂದು ಮಳೆಗಾಲದಲ್ಲಿ 100 ಗಂಟೆ ಕತ್ತಲು ಎಂದು ಲೆಕ್ಕಕ್ಕೆ ಇಟ್ಟುಕೊಂಡೆ. ಹೋದದ್ದು 16,000 ಯೂನಿಟ್. 6 ರೂಪಾಯಿಯಂತೆ ಒಂದು ಲಕ್ಷವೂ ಆಗುವುದಿಲ್ಲ, ಮೇಲಾಗಿ ಅಷ್ಟು ಯೂನಿಟ್ ಖರೀದಿಸುವ ಖರ್ಚೂ ಉಳಿಯಿತು. ಈ ಕಣ್ಣಿನಿಂದ ನೋಡಿದರೆ ಕಾಡಂಚಿನ ಲೈನಿಗೆ ಯಾವ ಯೋಜನೆಯೂ ಗಿಟ್ಟುವುದಿಲ್ಲ. ಗೃಹಜ್ಯೋತಿ ಬಂದಮೇಲೆ, ಅಂದರೆ 2023ರ ಜುಲೈಯಿಂದ, ತುಂಬಾ ಮನೆಗಳ ಬಿಲ್ ಸರ್ಕಾರವೇ ಕಟ್ಟುತ್ತಿದೆ. ಹಾಗಾಗಿ ಗ್ರಾಹಕ ಕೊಡುವ ದುಡ್ಡನ್ನು ನೋಡಿ ಕರೆಂಟಿನ ಬೆಲೆ ಅಳೆಯುವುದು ಇನ್ನೂ ಅರ್ಥವಿಲ್ಲದ ಮಾತು.

ಜನ ಕರೆಂಟು ಹೋದಾಗ ಏನು ಮಾಡುತ್ತಾರೆ ಅಂತ ನೋಡಬೇಕು. ಜನರೇಟರ್ ಹಾಕುತ್ತಾರೆ. ಸಣ್ಣ ಜನರೇಟರು ಲೀಟರ್ ಡೀಸೆಲಿಗೆ ಹೆಚ್ಚುಕಡಿಮೆ ಮೂರು ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಯೂನಿಟ್ಟಿಗೆ 30. ಈ ಬೆಲೆ ಹಾಕಿದ ಕೂಡಲೇ ಅದೇ 16,000 ಯೂನಿಟ್ 4.8 ಲಕ್ಷ ಆಯಿತು. 25 ವರ್ಷಕ್ಕೆ, ಶೇ. 10ರಲ್ಲಿ, ಇವತ್ತಿನ ಬೆಲೆ 43 ಲಕ್ಷದ ಮೇಲೆ. ಕತ್ತಲೆಯ ಅರ್ಧವನ್ನು ಕಡಿಮೆ ಮಾಡುವ ಯಾವುದೇ ಕೆಲಸಕ್ಕೆ 20 ಲಕ್ಷದವರೆಗೆ ಹಾಕಿದರೂ ನಷ್ಟವಿಲ್ಲ ಎಂದಾಯಿತು. ಆಸ್ಟ್ರೇಲಿಯಾದಲ್ಲಿ ಗ್ರಾಹಕರನ್ನೇ ಕೇಳಿ ಇಂಥ ಬೆಲೆಯನ್ನು ಕಟ್ಟಿ, ವಿತರಣಾ ಜಾಲದ ದೊಡ್ಡ ಹೂಡಿಕೆಗಳ ಪರೀಕ್ಷೆಯಲ್ಲಿ ಬಳಸುತ್ತಾರೆ. ನಾನು ಮಾಡಿದ್ದು ಅದರ ಹಳ್ಳಿ ಆವೃತ್ತಿ ಅಷ್ಟೆ.

ಇಲ್ಲೊಂದು ತೊಡಕು ಇದೆ. ಜನರೇಟರಿನ ಬೆಲೆ ಹಿಡಿದರೆ ಜನರೇಟರ್ ಇರುವವನ ಗಂಟೆಗೆ ಬೆಲೆ ಬರುತ್ತದೆ. ತೋಟದ ಲೈನ್ ಮನೆಗಳಲ್ಲಿ (ಸಾಲು ಮನೆಗಳಲ್ಲಿ) ಇರುವ ಕಾರ್ಮಿಕರ ಹತ್ತಿರ ಜನರೇಟರ್ ಎಲ್ಲಿದೆ? ಅವರು ಮೇಣದ ಬತ್ತಿ ಹಚ್ಚುತ್ತಾರೆ, ಫೋನ್ ಚಾರ್ಜಿಗೆ ಎರಡು ಮೈಲಿ ನಡೆಯುತ್ತಾರೆ. ಕಟ್ಟುನಿಟ್ಟಾಗಿ "ಕೊಡಲು ಸಿದ್ಧವಿರುವ ಬೆಲೆ" ಹಾಕಿದರೆ ಮಾಡೆಲ್ ಲೈನನ್ನು ಹೋಂಸ್ಟೇಗಳ ಕಡೆಗೇ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಎಲ್ಲ ಮನೆಗೂ ಒಂದೇ ಬೆಲೆ ಹಾಕಿದೆ. ಇದು ಅರ್ಥಶಾಸ್ತ್ರ ಹೇಳಿದ್ದಲ್ಲ, ನಾನು ತೆಗೆದುಕೊಂಡ ತೀರ್ಮಾನ, ಕಾಗದದಲ್ಲೂ ಹಾಗೇ ಬರೆದೆ. ಗುಂಪಿನಲ್ಲಿ ಇದಕ್ಕೆ ಸ್ವಲ್ಪ ಗೊಣಗಾಟ ಆಯಿತು.

ಇನ್ನು ದಾರಿಗಳು. ನೆಲದಡಿಯ ಕೇಬಲ್ ಎಲ್ಲರ ಕನಸು. ಓವರ್‌ಹೆಡ್ ಲೈನಿಗಿಂತ ಹಲವು ಪಟ್ಟು ದುಬಾರಿ ಅನ್ನುವುದು ಒಂದು ಮಾತು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡಗಳೇ ಜಾರಿದ್ದನ್ನು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನು ನೋಡಿದ ಮೇಲೆ, ನೆಲದೊಳಗೆ ಹಾಕಿದ್ದು ಭದ್ರ ಅಂತ ಕಣ್ಣುಮುಚ್ಚಿ ಹೇಳುವುದು ಹೇಗೆ? ಅಲ್ಲದೆ ಒದ್ದೆ ಮಣ್ಣಿನೊಳಗೆ ಕೇಬಲ್ ಎಲ್ಲಿ ಹೋಗಿದೆ ಅಂತ ಹುಡುಕುವುದಕ್ಕಿಂತ ಮರ ಕಡಿದು ತಂತಿ ಎತ್ತಿ ಕಟ್ಟುವುದೇ ಬೇಗ ಆಗುತ್ತದೆ. ಮಾಡೆಲ್ ಅದನ್ನು ಮೊದಲ ಸುತ್ತಿನಲ್ಲೇ ಹೊರಗೆ ಹಾಕಿತು. ಊರಿನಲ್ಲಿ ಮಾತ್ರ ಅದು ಇನ್ನೂ ಹೊರಗೆ ಹೋಗಿಲ್ಲ.

ಮರವನ್ನೇ ತೆಗೆದರೆ ಆಯಿತಲ್ಲ ಅನ್ನುವವರಿಗೆ ಕೊಡಗು ಗೊತ್ತಿಲ್ಲ. ಕಾಫಿಗೆ ನೆರಳು ಬೇಕು. ಮೈಸೂರು ಮತ್ತು ಕೋಯಿಕ್ಕೋಡ್ ನಡುವಿನ 400 ಕೆವಿ ಲೈನಿಗೆ ಮರ ಕಡಿದಾಗ ಇಲ್ಲಿ ಎಷ್ಟು ದೊಡ್ಡ ಪ್ರತಿಭಟನೆ ಆಯಿತು ಅಂತ ನೆನಪಿರಬಹುದು. ಆದರೆ ಮಳೆಗೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, ಲೈನಿಗೆ ತಾಗುವ ಕೊಂಬೆಯನ್ನಷ್ಟೇ ಸರಿಯಾಗಿ ಸವರುವುದು ಬೇರೆ. ಖರ್ಚು ತೀರಾ ಕಡಿಮೆ, ಲಾಭ ತೀರಾ ಜಾಸ್ತಿ. ನನ್ನ ಪಟ್ಟಿಯಲ್ಲಿ ಇದು ಯಾವ ದರ ಹಾಕಿದರೂ ಮೇಲೆಯೇ ನಿಂತಿತು.

ಹಾಗಿದ್ದರೆ ಇಂಥದ್ದಕ್ಕೆ ಯಾಕೆ ಜಾಸ್ತಿ ದುಡ್ಡು ಹೋಗುವುದಿಲ್ಲ? ಇದು ಒಂದು ಊರಿನ ಕಥೆ ಅಲ್ಲ, ಜಗತ್ತಿನ ಎಷ್ಟೋ ಕಡೆ ಇರುವ ಗಂಟು. ಹೊಸ ಲೈನು, ಹೊಸ ಟಿಸಿ ಬಂಡವಾಳದ ಲೆಕ್ಕಕ್ಕೆ ಹೋಗುತ್ತದೆ, ಅದರ ಮೇಲೆ ನಿಗದಿತ ಲಾಭ ಸಿಗುತ್ತದೆ. ಕೊಂಬೆ ಸವರುವುದು ವರ್ಷದ ನಿರ್ವಹಣೆ ಖರ್ಚು, ಅದರ ಮೇಲೆ ಲಾಭ ಇಲ್ಲ. ಅಮೆರಿಕದ ಅವೆರ್ಚ್ ಮತ್ತು ಜಾನ್ಸನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 1962ರಲ್ಲೇ ಇದನ್ನು ಬರೆದಿಟ್ಟಿದ್ದಾರೆ: ಬಂಡವಾಳದ ಮೇಲೆ ಲಾಭ ಕಟ್ಟಿಕೊಟ್ಟರೆ ಕಂಪನಿಗಳು ಬಂಡವಾಳವನ್ನೇ ಜಾಸ್ತಿ ಹಾಕುತ್ತವೆ. ಬ್ರಿಟನ್ನಿನಲ್ಲಿ ಇದಕ್ಕೆ ಒಂದು ಮದ್ದು ಹುಡುಕಿದರು. 2015ರ ಏಪ್ರಿಲಿನಿಂದ ಜಾರಿಗೆ ಬಂದ ವಿತರಣಾ ದರ ವ್ಯವಸ್ಥೆಯಲ್ಲಿ ಎರಡೂ ಖರ್ಚನ್ನು ಒಂದೇ ಬುಟ್ಟಿಗೆ ಹಾಕಿ, ಟೋಟೆಕ್ಸ್ ಎಂದು ಕರೆದು, ಒಟ್ಟು ಮೊತ್ತದ ಮೇಲೆ ಲಾಭ ನಷ್ಟ ನಿರ್ಧಾರ ಮಾಡುತ್ತಾರೆ. ಕೊಂಬೆ ಸವರಿದರೂ ಒಂದೇ, ಲೈನ್ ಎಳೆದರೂ ಒಂದೇ. ಆಯೋಗಕ್ಕೆ ಬರೆದ ಕಾಗದದಲ್ಲಿ ಈ ಪ್ಯಾರಾವನ್ನು ಸ್ವಲ್ಪ ಉದ್ದ ಮಾಡಿದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು.

ಎರಡನೇ ಜಾಗಕ್ಕೆ ಬಂದದ್ದು ಫೀಡರಿನ ನಡುವೆ ಒಂದು ಆಟೋ ರಿಕ್ಲೋಸರು ಮತ್ತು ಈಗಿರುವ ಜಿಒಎಸ್‌ಗಳ ರಿಪೇರಿ. ಈಗ ಮೇಲೆ ಕಾಡಂಚಿನಲ್ಲಿ ಒಂದು ಮರ ಬಿದ್ದರೆ ಸಬ್‌ಸ್ಟೇಷನ್ನಿನಲ್ಲೇ ಟ್ರಿಪ್ ಆಗಿ ಕೆಳಗಿನವರಿಗೂ ಕತ್ತಲು. ನಡುವೆ ತಡೆ ಇದ್ದರೆ ಕೆಳಗಿನ ಭಾಗ ಉಳಿಯುತ್ತದೆ. ಓವರ್‌ಹೆಡ್ ಲೈನಿನ ತೊಂದರೆಗಳಲ್ಲಿ ಬಹುಪಾಲು ತಾತ್ಕಾಲಿಕ, ಕೊಂಬೆ ತಾಗಿ ಹಿಂದೆ ಸರಿಯುವಂಥವು. ರಿಕ್ಲೋಸರು ಕೆಲವು ಸೆಕೆಂಡಿನಲ್ಲಿ ತಾನೇ ಮತ್ತೆ ಹಾಕುತ್ತದೆ, ಲೈನ್‌ಮ್ಯಾನ್ ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಹೋಗಬೇಕಿಲ್ಲ.

ಆದರೆ ಆನೆ. ತಂತಿ ತುಂಡಾಗಿ ನೆಲದ ಮೇಲೆ ಬಿದ್ದಿರುವಾಗ ರಿಕ್ಲೋಸರು ಮತ್ತೆ ಮತ್ತೆ ಕರೆಂಟು ಕೊಟ್ಟರೆ? ಒಣಗಿದ ತರಗೆಲೆಯ ಮೇಲೆ ಬಿದ್ದ ತಂತಿಯಲ್ಲಿ ಹರಿಯುವ ಕರೆಂಟು ಎಷ್ಟೋ ಸಲ ಟ್ರಿಪ್ ಮಾಡಿಸುವಷ್ಟು ಇರುವುದೂ ಇಲ್ಲ. ರಸ್ತೆ ಇಲ್ಲದ ಕಡೆ 11 ಕೆವಿ ತೆರೆದ ತಂತಿಗೆ ನೆಲದಿಂದ 4.6 ಮೀಟರ್ ಇದ್ದರೆ ಸಾಕು ಅನ್ನುವುದು ಹಳೆಯ ನಿಯಮ. ಸೊಂಡಿಲು ಎತ್ತಿದ ಸಲಗಕ್ಕೆ ಅದು ಸಾಕಾಗುವುದಿಲ್ಲ, ತಂತಿ ಜೋತುಬಿದ್ದಿದ್ದರೆ ಇನ್ನೂ ಕಷ್ಟ. ಹಾಗಾಗಿ ಆನೆ ಓಡಾಡುವ ಭಾಗಕ್ಕೆ ರಿಕ್ಲೋಸರು ಒಂದೇ ಸಲ ಪ್ರಯತ್ನಿಸಿ ನಿಲ್ಲಬೇಕು ಅಂತಲೂ, ಆ ತುಂಡಿಗೆ ಮಾತ್ರ ಹೊದಿಕೆ ಇರುವ ಕಂಡಕ್ಟರ್ ಮತ್ತು ಎತ್ತರದ ಕಂಬ ಬೇಕು ಅಂತಲೂ ಮೂರನೇ ಜಾಗದಲ್ಲಿ ಬರೆದೆ. ಆನೆಯ ಜೀವಕ್ಕೆ ರೂಪಾಯಿ ಹಾಕುವ ಗೋಜಿಗೆ ಹೋಗಲಿಲ್ಲ. ಅದನ್ನು ಲೆಕ್ಕದ ಹೊರಗೆ, ದಾಟಬಾರದ ಗೆರೆಯಾಗಿ ಇಟ್ಟೆ. ಎಲ್ಲವನ್ನೂ ರೂಪಾಯಿಗೆ ತರಲೇಬೇಕು ಅಂತ ಹಟ ಹಿಡಿಯುವ ಮಾಡೆಲಿನವರ ಜೊತೆ ನನಗೆ ಮೊದಲಿಂದಲೂ ಜಗಳ.

ಬೇಸಿಗೆಯ ಟಿಸಿಗಳಿಗೆ ಬಂದಾಗ ಉತ್ತರ "ಈಗ ಬೇಡ, ಸ್ವಲ್ಪ ಕಾಯಿರಿ" ಅಂತ ಬಂತು. ಇದನ್ನು ಒಪ್ಪಿಸುವುದೇ ದೊಡ್ಡ ಕಷ್ಟ. ಡೀಸೆಲ್ ಪಂಪುಗಳೆಲ್ಲ ಕರೆಂಟಿಗೆ ಬರುತ್ತವೋ, ಅರ್ಧ ಬರುತ್ತವೋ, ಸೋಲಾರಿಗೆ ಹೋಗುತ್ತವೋ ಯಾರಿಗೆ ಗೊತ್ತು? ಮುಂದೇನು ಅಂತ ಗೊತ್ತಿಲ್ಲದಾಗ ಕಾಯುವುದಕ್ಕೂ ಒಂದು ಬೆಲೆ ಇದೆ. ಒಂದು ಕೋಟಿಯ ಕೆಲಸವನ್ನು ಒಂದು ವರ್ಷ ಮುಂದೂಡಿದರೆ ಶೇ. 10ರಲ್ಲಿ ಸುಮಾರು 9 ಲಕ್ಷ ಉಳಿಯುತ್ತದೆ, ಐದು ವರ್ಷಕ್ಕೆ 38 ಲಕ್ಷ. ಆ ಐದು ವರ್ಷದಲ್ಲಿ ಲೋಡು ಎತ್ತ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಬ್ರಿಟನ್ನಿನ ವಿತರಣಾ ಕಂಪನಿಗಳು ಇದೇ ಹೋಲಿಕೆಗೆ ಎಲ್ಲರಿಗೂ ಒಂದೇ ಸಮಾನ ಲೆಕ್ಕಪದ್ಧತಿ ಇಟ್ಟುಕೊಂಡಿವೆ: ಈಗಲೇ ಕೇಬಲ್ ದೊಡ್ಡದು ಮಾಡುವುದೋ, ಪೀಕ್ ಹೊತ್ತಿನಲ್ಲಿ ಲೋಡು ಇಳಿಸುವವರಿಗೆ ದುಡ್ಡು ಕೊಟ್ಟು ಮುಂದೂಡುವುದೋ ಅಂತ.

ನಮ್ಮಲ್ಲಿ ಲೋಡು ಇಳಿಸುವುದು ಅಂದರೆ ಪಂಪಿನ ಸರದಿ. ಒಂದು ಟಿಸಿಗೆ ಎಂಟು ಪಂಪು ಇದ್ದರೆ ನಾಲ್ಕು ಹಗಲು, ನಾಲ್ಕು ರಾತ್ರಿ. ಕಾಗದದ ಮೇಲೆ ಇದಕ್ಕಿಂತ ಅಗ್ಗದ ದಾರಿಯೇ ಇಲ್ಲ. ಆದರೆ ರಾತ್ರಿ ತೋಟಕ್ಕೆ ಯಾರು ಹೋಗುತ್ತಾರೆ? ಮತ್ತೆ ಆನೆಯೇ. ಒಂದು ಟಿಸಿಯವರು ದಿನ ಬಿಟ್ಟು ದಿನದ ಸರದಿ ಮಾಡಿಕೊಂಡು ನೋಡಿದರು. ಮೂರನೇ ದಿನಕ್ಕೆ ಮೋಡ ಕವಿದದ್ದು ಕಂಡು, ಮಳೆ ಬಾರದೆ ಮೋಸ ಮಾಡಿಬಿಟ್ಟರೆ ಅಂತ ಹೆದರಿ ಎಲ್ಲರೂ ಒಟ್ಟಿಗೆ ಹಾಕಿದರು, ಫ್ಯೂಸ್ ಹೋಯಿತು. ಸರದಿ ಹತ್ತರಲ್ಲಿ ಆರು ದಿನ ಮಾತ್ರ ನಡೆಯುತ್ತದೆ ಎಂದುಕೊಂಡು ಲೆಕ್ಕವನ್ನು ಮತ್ತೆ ಓಡಿಸಿದೆ. ಆಗಲೂ ಹೆಚ್ಚಿನ ಕಡೆ ಕಾಯುವುದೇ ಗೆದ್ದಿತು. ಪಂಪುಗಳು ತೀರಾ ಗುಂಪಾಗಿರುವ ಒಂದೆರಡು ಜಾಗದಲ್ಲಿ ಮಾತ್ರ ಸೋತಿತು. ಅಲ್ಲಿಗೆ ಒಂದು ದೊಡ್ಡ ಟಿಸಿಯ ಬದಲು, 11 ಕೆವಿ ಲೈನನ್ನು ಪಂಪಿನ ಹತ್ತಿರಕ್ಕೆ ತಂದು 25 ಕೆವಿಎಯ ಸಣ್ಣ ಟಿಸಿಗಳನ್ನು ಹಾಕಿ ಎಂದು ಬರೆದೆವು. ಎಲ್‌ಟಿ ಲೈನಿನ (ಟಿಸಿಯಿಂದ ಪಂಪಿಗೆ ಹೋಗುವ ಕಡಿಮೆ ವೋಲ್ಟೇಜಿನ ಲೈನು) ಉದ್ದ ಕಡಿಮೆಯಾದರೆ ವೋಲ್ಟೇಜೂ ನಿಲ್ಲುತ್ತದೆ, ಮೋಟಾರ್ ಸುಡುವುದೂ ಕಡಿಮೆಯಾಗುತ್ತದೆ.

ಕಾಗದ ಆಯೋಗಕ್ಕೆ ಹೋಯಿತು. ವಿಚಾರಣೆಯಲ್ಲಿ ನಮಗೆ ಸಿಕ್ಕ ಸಮಯ ಸ್ವಲ್ಪವೇ, ಅದರಲ್ಲಿ ಕೊಂಬೆ ಸವರುವುದು ಮತ್ತು ರಿಕ್ಲೋಸರ್ ಎರಡನ್ನೇ ಹೇಳಿದೆವು. ಅಲ್ಲಿ ಕೇಳಿದ ಮೊದಲ ಪ್ರಶ್ನೆಯೇ 100 ಗಂಟೆ ಕತ್ತಲು ಅನ್ನುವುದಕ್ಕೆ ಆಧಾರ ಏನು ಅಂತ. ನ್ಯಾಯವಾದ ಪ್ರಶ್ನೆ. ಸಬ್‌ಸ್ಟೇಷನ್ನಿನ ಪುಸ್ತಕದಲ್ಲಿ ಇಡೀ ಫೀಡರ್ ಟ್ರಿಪ್ ಆದದ್ದು ದಾಖಲಾಗುತ್ತದೆ, ಒಂದು ಟಿಸಿಯ ಫ್ಯೂಸ್ ಹೋಗಿ ಎರಡು ದಿನ ಕತ್ತಲಾದದ್ದು ಅದರಲ್ಲಿ ಬರುವುದಿಲ್ಲ. ನಾವು ಕೊಟ್ಟದ್ದು ಮನೆಗಳವರ ಡೈರಿ ಮತ್ತು ವಾಟ್ಸಾಪ್ ಗುಂಪಿನ "ಕರೆಂಟ್ ಬಂತಾ?" ಸಂದೇಶಗಳ ಸಮಯ.

ಹಾಗಾಗಿ ಈಗ ಮಾಡುತ್ತಿರುವುದು ಆ ಆಧಾರ ಕೂಡಿಸುವ ಕೆಲಸ. ಪ್ರತಿ ಟಿಸಿಯ ಕೆಳಗೆ ಒಂದು ಮನೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಸಾಧನ ಇಟ್ಟು, ಕರೆಂಟು ಹೋದ ಸಮಯ, ಬಂದ ಸಮಯ ತಾನೇ ಬರೆದುಕೊಳ್ಳುವ ಹಾಗೆ ಮಾಡುತ್ತಿದ್ದೇವೆ. ಪಂಪು ಓಡಿಸಿದ ಗಂಟೆಯನ್ನು ಮಾತ್ರ ಕೈಯಲ್ಲೇ ಬರೆಯಬೇಕು. ಮೂರ್ನಾಡು, ಸಿದ್ದಾಪುರ, ಗೋಣಿಕೊಪ್ಪ ಕಡೆಯಲ್ಲಿ ಯಾರಾದರೂ ಹಳೆಯ ಡೀಸೆಲ್ ಬಿಲ್ಲು, ನೀರು ಹಾಕಿದ ದಿನಗಳ ಪುಸ್ತಕ ಇಟ್ಟುಕೊಂಡಿದ್ದರೆ ಎಸೆಯಬೇಡಿ, ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಫೀಡರಿನ ಲೆಕ್ಕಕ್ಕೂ ಅದೇ ಬೇಕಾಗುತ್ತದೆ. ಸ್ಪ್ರೆಡ್‌ಶೀಟ್ ಬೇಕಾದರೆ ನಾನು ಕೊಡುತ್ತೇನೆ, ದರ ಮತ್ತು ಗಂಟೆಗಳ ಕಾಲಂ ಖಾಲಿ ಬಿಟ್ಟಿದ್ದೇನೆ.